ಬಾಗಿಲು ತೋರಣ

ಬಾಗಿಲು ತೋರಣವು ಮನೆಯ ಮುಂಬಾಗಿಲಿನ ಮೇಲ್ಭಾಗದಲ್ಲಿ, ಬಾಗಿಲವಾಡದ ಅಗಲಕ್ಕೆ ಸರಿಯಾಗಿ ಅಡ್ಡಲಾಗಿ ಕಟ್ಟುವ ಅಲಂಕಾರದ ಮಾಲೆ. ಮಾವಿನ ಎಲೆಗಳನ್ನು ದಾರಕ್ಕೆ ಪೋಣಿಸಿ ಕಟ್ಟುವ ಹಸಿರು ತೋರಣವು ಇದರ ಅತ್ಯಂತ ಪರಿಚಿತ ರೂಪ. ಬಟ್ಟೆ, ಉಲ್ಲನ್, ಮಣಿ, ಕಾಗದ ಮುಂತಾದ ವಸ್ತುಗಳಿಂದಲೂ ತೋರಣಗಳನ್ನು ತಯಾರಿಸುತ್ತಾರೆ. ವಿಶೇಷ ಉಪಕರಣಗಳಾಗಲಿ ತರಬೇತಿಯಾಗಲಿ ಬೇಕಿಲ್ಲದ ಕಾರಣ, ಅಲ್ಪ ವೆಚ್ಚದಲ್ಲಿ ಮನೆಯಲ್ಲಿಯೇ ಮಾಡಬಹುದಾದ ಗೃಹಾಲಂಕಾರದ ಕರಕುಶಲಗಳಲ್ಲಿ ಇದಕ್ಕೆ ಮುಖ್ಯ ಸ್ಥಾನವಿದೆ.

ಹೆಸರು ಮತ್ತು ಬಳಕೆ

'ತೋರಣ' ಎಂಬುದು ಸಂಸ್ಕೃತದಿಂದ ಕನ್ನಡಕ್ಕೆ ಬಂದ ಶಬ್ದ. ಸಂಸ್ಕೃತದಲ್ಲಿ ಇದಕ್ಕೆ ಕಮಾನು, ಅಲಂಕೃತ ದ್ವಾರ ಎಂಬ ಅರ್ಥಗಳಿವೆ. ಕನ್ನಡದಲ್ಲಿ ದ್ವಾರಕ್ಕಿಂತ ಹೆಚ್ಚಾಗಿ ದ್ವಾರಕ್ಕೆ ಕಟ್ಟುವ ಮಾಲೆಯನ್ನೇ ಈ ಶಬ್ದ ಸೂಚಿಸುತ್ತದೆ. ಚಿಗುರು ಮತ್ತು ಎಲೆಗಳಿಂದ ಮಾಡಿದ್ದನ್ನು 'ತಳಿರು ತೋರಣ' ಎನ್ನುತ್ತಾರೆ. ಊರು ತಳಿರು ತೋರಣಗಳಿಂದ ಸಿಂಗಾರಗೊಂಡಿತು ಎಂಬ ಮಾತು ಜಾತ್ರೆ ಮತ್ತು ಸಮ್ಮೇಳನಗಳ ವರದಿಗಳಲ್ಲಿ ಇಂದಿಗೂ ರೂಢಿಯಲ್ಲಿದೆ.

ವಾಸ್ತುಶಿಲ್ಪದಲ್ಲಿ ತೋರಣ

ಭಾರತದ ಪ್ರಾಚೀನ ವಾಸ್ತುಶಿಲ್ಪದಲ್ಲಿ ತೋರಣವೆಂದರೆ ಎರಡು ಕಂಬಗಳ ಮೇಲೆ ಅಡ್ಡತೊಲೆಗಳನ್ನು ಇರಿಸಿ ನಿರ್ಮಿಸಿದ ಸ್ವಾಗತ ದ್ವಾರ. ಮಧ್ಯಪ್ರದೇಶದ ಸಾಂಚಿಯ ಮಹಾಸ್ತೂಪಕ್ಕೆ ನಾಲ್ಕು ದಿಕ್ಕುಗಳಲ್ಲಿ ಇಂತಹ ನಾಲ್ಕು ಶಿಲಾತೋರಣಗಳಿವೆ. ಇವು ಕ್ರಿಸ್ತಪೂರ್ವ ಒಂದನೆಯ ಶತಮಾನಕ್ಕೆ ಸೇರಿದವು. ಕಲ್ಲಿನಲ್ಲಿದ್ದರೂ ಇವುಗಳ ಜೋಡಣೆ ಮರಗೆಲಸದ ಕ್ರಮವನ್ನೇ ಅನುಸರಿಸಿದೆ. ದಕ್ಷಿಣ ತೋರಣದ ಮೇಲಿನ ಶಾಸನವೊಂದು, ಅಲ್ಲಿಯ ಕೆತ್ತನೆಯನ್ನು ವಿದಿಶೆಯ ದಂತದ ಕುಶಲಕರ್ಮಿಗಳು ಮಾಡಿದರೆಂದು ತಿಳಿಸುತ್ತದೆ.

ವಾರಂಗಲ್ ಕೋಟೆಯಲ್ಲಿ ಕಾಕತೀಯರ ಕಾಲದ ನಾಲ್ಕು ಶಿಲಾತೋರಣಗಳು ಉಳಿದಿವೆ. ಕರ್ನಾಟಕದ ಹಂಪಿಯಲ್ಲಿ ವಿಠಲ ದೇವಾಲಯದ ಸಮೀಪವಿರುವ ರಾಜನ ತುಲಾಭಾರದ ರಚನೆಯೂ ಎರಡು ಕಂಬ ಮತ್ತು ಒಂದು ಅಡ್ಡತೊಲೆಯ ತೋರಣದ ಆಕಾರದಲ್ಲಿದೆ. ಬೇಲೂರು ಮತ್ತು ಹಳೇಬೀಡಿನ ಹೊಯ್ಸಳ ಶಿಲ್ಪಗಳಲ್ಲಿ ದೇವತಾಮೂರ್ತಿಗಳ ತಲೆಯ ಮೇಲೆ ಕಮಾನಿನಂತೆ ಕಾಣುವ ಕೆತ್ತನೆಗೆ 'ಮಕರ ತೋರಣ' ಎಂದು ಹೆಸರು. ರಾಜದ್ವಾರದ ಕಲ್ಲಿನ ತೋರಣಕ್ಕೂ ಮನೆಬಾಗಿಲಿನ ಎಲೆಯ ತೋರಣಕ್ಕೂ ಉದ್ದೇಶ ಒಂದೇ: ಒಳಗೆ ಬರುವವರನ್ನು ಗೌರವದಿಂದ ಸ್ವಾಗತಿಸುವುದು.

ಕಟ್ಟುವ ಸಂದರ್ಭಗಳು

ಯುಗಾದಿ, ಗೌರಿ-ಗಣೇಶ ಹಬ್ಬ, ನವರಾತ್ರಿ, ದೀಪಾವಳಿ ಮುಂತಾದ ಹಬ್ಬಗಳಲ್ಲಿಯೂ ಗೃಹಪ್ರವೇಶ, ಮದುವೆ, ನಾಮಕರಣ ಮೊದಲಾದ ಶುಭಕಾರ್ಯಗಳಲ್ಲಿಯೂ ತೋರಣ ಕಟ್ಟುವ ಸಂಪ್ರದಾಯವಿದೆ. ಯುಗಾದಿಯಂದು ಮಾವಿನ ಎಲೆಗಳ ಜೊತೆಗೆ ಬೇವಿನ ಕುಡಿಗಳನ್ನೂ ಸೇರಿಸುತ್ತಾರೆ. ಸೂತಕದ ದಿನಗಳಲ್ಲಿ ತೋರಣ ಕಟ್ಟುವುದಿಲ್ಲ. ಆದುದರಿಂದ ಬಾಗಿಲಲ್ಲಿ ಹಸಿರು ತೋರಣವಿದ್ದರೆ ಆ ಮನೆಯಲ್ಲಿ ಸಂಭ್ರಮವಿದೆ ಎಂದು ದಾರಿಹೋಕರೂ ತಿಳಿಯಬಹುದು.

ಧಾರ್ಮಿಕವಲ್ಲದ ಸಮಾರಂಭಗಳಲ್ಲಿಯೂ ತೋರಣಕ್ಕೆ ಸ್ಥಾನವಿದೆ. ನವೆಂಬರ್ 1ರ ಕನ್ನಡ ರಾಜ್ಯೋತ್ಸವದಂದು ಹಳದಿ ಮತ್ತು ಕೆಂಪು ಬಣ್ಣದ ಕಾಗದದ ತೋರಣಗಳನ್ನೂ, ರಾಷ್ಟ್ರೀಯ ಹಬ್ಬಗಳಂದು ತ್ರಿವರ್ಣದ ತೋರಣಗಳನ್ನೂ ಶಾಲೆಗಳಲ್ಲಿ ಮಕ್ಕಳೇ ಕಟ್ಟುವುದುಂಟು.

ಪ್ರಾದೇಶಿಕ ರೂಪಗಳು

ದಕ್ಷಿಣ ಭಾರತದ ಎಲ್ಲ ರಾಜ್ಯಗಳಲ್ಲಿಯೂ ಎಲೆಯ ತೋರಣ ಬಳಕೆಯಲ್ಲಿದೆ. ಕರಾವಳಿ ಕರ್ನಾಟಕ ಮತ್ತು ಕೇರಳಗಳಲ್ಲಿ ಎಳೆಯ ತೆಂಗಿನ ಗರಿಗಳನ್ನು ಸೀಳಿ, ಮಡಚಿ, ಹೆಣೆದು ಮಾಡುವ ತೋರಣಗಳು ದೇವಸ್ಥಾನ ಮತ್ತು ಚಪ್ಪರಗಳಿಗೆ ಶೋಭೆ ನೀಡುತ್ತವೆ. ಗುಜರಾತಿನ ಕಚ್ಛ್ ಮತ್ತು ಸೌರಾಷ್ಟ್ರಗಳಲ್ಲಿ ಕಸೂತಿ ಮಾಡಿ, ಚಿಕ್ಕ ಕನ್ನಡಿಗಳನ್ನು ಹೊಲಿದ ಬಟ್ಟೆಯ ತೋರಣಗಳು ಪ್ರಸಿದ್ಧ. ಅವುಗಳ ಕೆಳಗೆ ಸಾಲಾಗಿ ಇಳಿಬಿಡುವ ಬಟ್ಟೆಯ ತುಂಡುಗಳ ಆಕಾರ ಎಲೆಯನ್ನೇ ನೆನಪಿಸುತ್ತದೆ. ಕರ್ನಾಟಕದ ಅನೇಕ ಹಳೆಯ ಮನೆಗಳಲ್ಲಿ ಬಣ್ಣದ ಗಾಜಿನ ಮಣಿಗಳಿಂದ ಗಿಳಿ, ಹೂವು ಅಥವಾ 'ಸುಸ್ವಾಗತ' ಎಂಬ ಅಕ್ಷರಗಳನ್ನು ಮೂಡಿಸಿದ ಮಣಿತೋರಣಗಳನ್ನು ಕಾಣಬಹುದು.

ತಯಾರಿಕೆ

ಅಳತೆ

ಯಾವ ಬಗೆಯ ತೋರಣವಾದರೂ ಮೊದಲು ಬಾಗಿಲವಾಡದ ಒಳ ಅಗಲವನ್ನು ಅಳೆಯಬೇಕು. ಸಾಮಾನ್ಯ ಮುಂಬಾಗಿಲಿನ ಅಗಲ ಸುಮಾರು 3 ಅಡಿ, ಅಂದರೆ 90 ಸೆಂಟಿಮೀಟರ್. ಎರಡೂ ತುದಿಗಳಲ್ಲಿ ಗಂಟು ಹಾಕಲು ತಲಾ ಅರ್ಧ ಅಡಿ ಸೇರಿಸಿದರೆ 4 ಅಡಿ ದಾರ ಸಾಕು. ಎಲೆಗಳ ಸಂಖ್ಯೆ ಬೆಸವಾಗಿರಬೇಕೆಂಬ ರೂಢಿ ಹಲವೆಡೆ ಇದೆ. ಹೀಗೆ ಮಾಡಿದಾಗ ಒಂದು ಎಲೆ ಸರಿಯಾಗಿ ಮಧ್ಯಕ್ಕೆ ಬಂದು, ಎರಡೂ ಬದಿಗಳು ಸಮನಾಗಿ ಕಾಣುತ್ತವೆ.

ಮಾವಿನ ಎಲೆಯ ತೋರಣ

ಮಾವಿನ ಎಲೆ ದಪ್ಪವಾಗಿದ್ದು, ಅದರ ಮೇಲ್ಮೈಯಲ್ಲಿ ಮೇಣದಂತಹ ಪದರವಿರುತ್ತದೆ. ಈ ಕಾರಣದಿಂದ ಅದು ಬೇಗ ಬಾಡುವುದಿಲ್ಲ. ಒಣಗಿದ ಮೇಲೂ ಕೊಳೆಯದೆ ಗರಿಗರಿಯಾಗಿ ಉಳಿಯುತ್ತದೆ. ಕೆಂಪು ಛಾಯೆಯ ಎಳೆಯ ಚಿಗುರು ಒಂದೇ ದಿನದಲ್ಲಿ ಜೋತುಬೀಳುವುದರಿಂದ ಬಲಿತ ಹಸಿರು ಎಲೆಗಳನ್ನೇ ಆರಿಸಬೇಕು.

ಒಂದೇ ಅಳತೆಯ 15 ಅಥವಾ 21 ಎಲೆಗಳನ್ನು ತೊಳೆದು ಒರೆಸಿಕೊಳ್ಳಬೇಕು. ದಾರದ ಮಧ್ಯಭಾಗವನ್ನು ಗುರುತಿಸಿ, ಮೊದಲ ಎಲೆಯನ್ನು ಅಲ್ಲಿಗೆ ತರಬೇಕು. ಎಲೆಯ ತೊಟ್ಟಿನ ಕಡೆಯ ಎರಡು ಮೂರು ಸೆಂಟಿಮೀಟರ್ ಭಾಗವನ್ನು ದಾರದ ಮೇಲಿನಿಂದ ಹಿಂದಕ್ಕೆ ಮಡಚಿ, ಎರಡೂ ಪದರಗಳ ಮೂಲಕ ತೆಂಗಿನ ಕಡ್ಡಿಯ ಚಿಕ್ಕ ತುಂಡನ್ನು ಸಿಕ್ಕಿಸಬೇಕು. ಅನಂತರ ಎಡಕ್ಕೊಂದು ಬಲಕ್ಕೊಂದರಂತೆ ಉಳಿದವನ್ನು ಜೋಡಿಸುತ್ತಾ ಹೋಗಬೇಕು. ಒಂದು ತುದಿಯಿಂದ ಆರಂಭಿಸಿದರೆ ಕೊನೆಯಲ್ಲಿ ಸ್ಥಳ ಸಾಲದೆ ಎಲೆಗಳು ಒತ್ತೊತ್ತಾಗುವ ಸಂಭವವಿದೆ. ಎಲೆಗಳ ನಡುವೆ ಚೆಂಡು ಹೂ ಅಥವಾ ಸೇವಂತಿಗೆಯನ್ನು ಪೋಣಿಸಬಹುದು. ಲೋಹದ ಸ್ಟೇಪ್ಲರ್ ಪಿನ್ನುಗಳನ್ನು ಬಳಸದಿದ್ದರೆ ಒಣಗಿದ ತೋರಣವನ್ನು ನೇರವಾಗಿ ಗೊಬ್ಬರದ ಗುಂಡಿಗೆ ಹಾಕಲು ಅನುಕೂಲ.

ಬಟ್ಟೆಯ ತೋರಣ

ಹಳೆಯ ಹತ್ತಿಯ ಸೀರೆ, ರವಿಕೆ ಹೊಲಿಸಿದ ಮೇಲೆ ಉಳಿದ ಚೂರುಗಳು, ದರ್ಜಿಯ ಅಂಗಡಿಯ ತುಂಡುಬಟ್ಟೆಗಳು ಇದಕ್ಕೆ ಸಾಕು. ಹೊಸ ಬಟ್ಟೆಯಾದರೆ ಮೊದಲು ನೀರಿನಲ್ಲಿ ನೆನೆಸಿ ಒಣಗಿಸುವುದರಿಂದ, ಬಣ್ಣ ಬಿಡುತ್ತದೆಯೇ ಎಂಬುದು ಮುಂಚಿತವಾಗಿ ತಿಳಿಯುತ್ತದೆ.

90 ಸೆಂಟಿಮೀಟರ್ ಅಗಲದ ಬಾಗಿಲಿಗೆ, 6 ಸೆಂಟಿಮೀಟರ್ ಅಗಲದ 11 ಎಲೆಗಳು ಹೊಂದುತ್ತವೆ. ಎಲೆಗಳು 66 ಸೆಂಟಿಮೀಟರ್ ಸ್ಥಳವನ್ನು ತೆಗೆದುಕೊಳ್ಳುತ್ತವೆ. ನಡುವೆ ತಲಾ 2 ಸೆಂಟಿಮೀಟರಿನ ಹತ್ತು ಅಂತರಗಳಿಗೆ 20 ಸೆಂಟಿಮೀಟರ್ ಬೇಕು. ಉಳಿದ 4 ಸೆಂಟಿಮೀಟರನ್ನು ಎರಡು ತುದಿಗಳಿಗೆ ಹಂಚಬೇಕು.

ತಯಾರಿಸುವ ಕ್ರಮ ಹೀಗಿದೆ:

1. ರಟ್ಟಿನ ಮೇಲೆ 15 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ಎಲೆಯ ಆಕಾರವನ್ನು ಬರೆದು ಕತ್ತರಿಸಿಕೊಳ್ಳಬೇಕು.
2. ಈ ಅಚ್ಚನ್ನು ಬಟ್ಟೆಯ ಮೇಲಿಟ್ಟು, ಸುತ್ತಲೂ ಹೊಲಿಗೆಗಾಗಿ ಮುಕ್ಕಾಲು ಸೆಂಟಿಮೀಟರ್ ಬಿಟ್ಟು 22 ತುಂಡುಗಳನ್ನು ಕತ್ತರಿಸಬೇಕು.
3. ಎರಡೆರಡು ತುಂಡುಗಳನ್ನು ಬಟ್ಟೆಯ ಮೇಲ್ಮುಖಗಳು ಒಳಬರುವಂತೆ ಜೋಡಿಸಿ, ಮೇಲ್ತುದಿಯನ್ನು ಮಾತ್ರ ಬಿಟ್ಟು ಹೊಲಿಯಬೇಕು. ಬಳಿಕ ಮಗುಚಿ ಇಸ್ತ್ರಿ ಮಾಡಬೇಕು.
4. ಪ್ರತಿ ಎಲೆಯ ನಡುವೆ ಬೇರೆ ಬಣ್ಣದ ದಾರದಿಂದ ನೇರ ಹೊಲಿಗೆ ಹಾಕಿದರೆ ಎಲೆಯ ನರದಂತೆ ಕಾಣುತ್ತದೆ.
5. 92 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲದ ಪಟ್ಟಿಯ ಅಂಚುಗಳನ್ನೆಲ್ಲ 1 ಸೆಂಟಿಮೀಟರಿನಷ್ಟು ಒಳಮಡಚಿ, ಪಟ್ಟಿಯನ್ನು ಉದ್ದುದ್ದಕ್ಕೆ ಎರಡಾಗಿ ಮಡಚಬೇಕು. ಎಲೆಗಳ ತೆರೆದ ತುದಿಗಳನ್ನು ಅದರೊಳಗೆ ಸೇರಿಸಿ ಹೊಲಿಯಬೇಕು.
6. ಎರಡು ತುದಿಗಳಿಗೂ ಮಧ್ಯಕ್ಕೂ ಒಂದೊಂದು ಕುಣಿಕೆಯನ್ನು ಹೊಲಿದರೆ ತೋರಣ ಸಿದ್ಧ.

ಹೊಲಿಗೆ ಯಂತ್ರವಿಲ್ಲದವರು ಕೈಯಿಂದಲೇ ಹೊಲಿಯಬಹುದು. ಈ ತೋರಣವನ್ನು ಒಗೆದು, ವರ್ಷಗಳ ಕಾಲ ಬಳಸಲು ಸಾಧ್ಯ.

ಉಲ್ಲನ್ ಕುಚ್ಚುಗಳ ತೋರಣ

ಉಲ್ಲನ್ ದಾರವನ್ನು 10 ಸೆಂಟಿಮೀಟರ್ ಅಗಲದ ರಟ್ಟಿಗೆ 30 ಸುತ್ತು ಸುತ್ತಬೇಕು. ಮೇಲಿನ ಅಂಚಿನ ಕೆಳಗೆ ಒಂದು ದಾರವನ್ನು ತೂರಿಸಿ ಬಿಗಿಯಾಗಿ ಗಂಟು ಹಾಕಿ, ಕೆಳಗಿನ ಅಂಚಿನಲ್ಲಿ ಎಲ್ಲ ಎಳೆಗಳನ್ನೂ ಕತ್ತರಿಸಬೇಕು. ತಲೆಯ ಭಾಗದಿಂದ 2 ಸೆಂಟಿಮೀಟರ್ ಕೆಳಗೆ ಇನ್ನೊಂದು ದಾರದಿಂದ ಬಿಗಿದರೆ ಕುಚ್ಚು ಆಗುತ್ತದೆ. ಒಂದು ಕುಚ್ಚಿಗೆ ಸುಮಾರು 6 ಮೀಟರ್ ಉಲ್ಲನ್ ಬೇಕಾಗುವುದರಿಂದ 11 ಕುಚ್ಚುಗಳಿಗೆ 66 ಮೀಟರ್ ಹಿಡಿಯುತ್ತದೆ. ಹಳೆಯ ಸ್ವೆಟರನ್ನು ಬಿಚ್ಚಿದ ದಾರವನ್ನೂ ಉಪಯೋಗಿಸಬಹುದು.

ಕಾಗದದ ತೋರಣ

ಮಕ್ಕಳಿಗೆ ಇದು ಅತ್ಯಂತ ಸುಲಭ. ಬಣ್ಣದ ಕಾಗದ ಅಥವಾ ಹಳೆಯ ಮಾಸಪತ್ರಿಕೆಗಳ ಪುಟಗಳನ್ನು ತ್ರಿಕೋನಾಕಾರದಲ್ಲಿ ಕತ್ತರಿಸಿ, ಮೇಲಿನ ಅಂಚನ್ನು ದಾರದ ಮೇಲೆ ಮಡಚಿ ಅಂಟಿಸಬೇಕು. ಅಂಟನ್ನು ಮನೆಯಲ್ಲಿಯೇ ಮಾಡಬಹುದು. ಒಂದು ಚಮಚ ಮೈದಾ ಹಿಟ್ಟನ್ನು ಐದು ಚಮಚ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಗಟ್ಟಿಯಾಗುವವರೆಗೆ ಕಾಯಿಸಿದರೆ ಸಾಕು. ಹುಳು ಹಿಡಿಯದಿರಲೆಂದು ಇಂತಹ ಅಂಟಿಗೆ ಮೈಲುತುತ್ತ ಬೆರೆಸುವ ರೂಢಿ ಹಿಂದೆ ಇತ್ತು. ಮೈಲುತುತ್ತವು ವಿಷವಸ್ತುವಾದ್ದರಿಂದ ಮಕ್ಕಳು ಕೆಲಸ ಮಾಡುವಲ್ಲಿ ಅದನ್ನು ಬಳಸಲೇಬಾರದು. ಬೇಕಾದಷ್ಟೇ ಅಂಟನ್ನು ಆಗಾಗ ಮಾಡಿಕೊಳ್ಳುವುದು ಉತ್ತಮ.

ಪ್ಲಾಸ್ಟಿಕ್ ತೋರಣ ಮತ್ತು ಪರಿಸರ

ಮಾವಿನ ಎಲೆಯನ್ನೇ ಅನುಕರಿಸುವ ಪ್ಲಾಸ್ಟಿಕ್ ತೋರಣಗಳು ಈಗ ಪೇಟೆಯಲ್ಲಿ ಹೇರಳವಾಗಿ ದೊರೆಯುತ್ತವೆ. ಇವು ಬಾಡುವುದಿಲ್ಲವಾದರೂ ಬಿಸಿಲಿಗೆ ಬಣ್ಣಗೆಟ್ಟು, ಧೂಳು ಹಿಡಿದು, ಕೊನೆಗೆ ಕಸದ ರಾಶಿ ಸೇರುತ್ತವೆ; ಮಣ್ಣಿನಲ್ಲಿ ಕರಗುವುದಿಲ್ಲ. 2022ರ ಜುಲೈ 1ರಿಂದ ಭಾರತ ಸರ್ಕಾರವು ನಿಷೇಧಿಸಿದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಪ್ಲಾಸ್ಟಿಕ್ ಬಾವುಟಗಳೂ ಅಲಂಕಾರಕ್ಕೆ ಬಳಸುವ ಥರ್ಮಾಕೋಲೂ ಸೇರಿವೆ. ಆದುದರಿಂದ ಶಾಲೆ ಮತ್ತು ಸಭಾಂಗಣಗಳ ಅಲಂಕಾರಕ್ಕೆ ಕಾಗದ ಮತ್ತು ಬಟ್ಟೆಯ ತೋರಣಗಳೇ ಯೋಗ್ಯ.

ಹಸಿರು ತೋರಣದಿಂದಲೂ ಮರಕ್ಕೆ ಹಾನಿಯಾಗಬಹುದು. ಮಾವಿನ ಹೂಗೊಂಚಲು ಸಾಮಾನ್ಯವಾಗಿ ಬಲಿತ ರೆಂಬೆಗಳ ತುದಿಯಲ್ಲಿ ಮೂಡುತ್ತದೆ. ದಸರೆ ಮತ್ತು ದೀಪಾವಳಿಯ ಸಮಯದಲ್ಲಿ ರೆಂಬೆಗಳ ತುದಿಯನ್ನೇ ಮುರಿದರೆ ಮುಂದಿನ ಹೂವಿಗೆ ಅವಕಾಶವಿಲ್ಲದಂತಾಗುತ್ತದೆ. ಯುಗಾದಿಯ ವೇಳೆಗೆ ಮರದಲ್ಲಿ ಕಾಯಿಗಳಿರುತ್ತವೆ. ಆಗ ಕೊಂಬೆ ಮುರಿದರೆ ಕಾಯಿಗಳೂ ನಷ್ಟ. ಒಂದೇ ಕೊಂಬೆಯನ್ನು ಬೋಳಿಸದೆ, ಮರದ ಬೇರೆ ಬೇರೆ ಕಡೆಗಳಿಂದ ಬಿಡಿ ಎಲೆಗಳನ್ನು ಕೊಯ್ಯುವುದು ಸರಿಯಾದ ಕ್ರಮ. ಒಂದು ಬಾಗಿಲಿಗೆ ಬೇಕಾದದ್ದು ಇಪ್ಪತ್ತೊಂದು ಎಲೆಗಳು ಮಾತ್ರ. ಅದಕ್ಕಾಗಿ ಕೊಂಬೆಯನ್ನೇ ಮುರಿಯಬೇಕಾಗಿಲ್ಲ.

ಎಚ್ಚರಿಕೆಗಳು

ಎಲೆ ಕೊಯ್ಯುವಾಗ ತೊಟ್ಟಿನಿಂದ ಒಸರುವ ಸೊನೆ ಕೆಲವರ ಚರ್ಮಕ್ಕೆ ತುರಿಕೆ ಮತ್ತು ಉರಿಯನ್ನು ಉಂಟುಮಾಡುತ್ತದೆ. ಎಲೆಗಳನ್ನು ಕೊಯ್ದ ಕೂಡಲೇ ನೀರಿನಲ್ಲಿ ತೊಳೆದು, ಕೈಗಳನ್ನೂ ಸಾಬೂನಿನಿಂದ ತೊಳೆದುಕೊಳ್ಳಬೇಕು.

ಒಣಗಿದ ಎಲೆ, ಕಾಗದ, ಬಟ್ಟೆ ಇವೆಲ್ಲವೂ ಬೇಗ ಬೆಂಕಿ ಹಿಡಿಯುವ ವಸ್ತುಗಳು. ಕೃತಕ ನೂಲಿನ ಉಲ್ಲನ್ ಕರಗಿ ಮೈಗೆ ಅಂಟಿಕೊಳ್ಳುವುದರಿಂದ ಇನ್ನೂ ಅಪಾಯಕಾರಿ. ದೀಪಾವಳಿಯಲ್ಲಿ ಹೊಸ್ತಿಲ ಬಳಿ ಹಣತೆ ಇಡುವಾಗ ಇಳಿಬಿದ್ದ ತೋರಣದ ತುದಿಗಳು ಜ್ವಾಲೆಯ ಹತ್ತಿರ ಬರದಂತೆ ನೋಡಿಕೊಳ್ಳಬೇಕು. ಒಣಗಿದ ಹಳೆಯ ತೋರಣವನ್ನು ಹಬ್ಬಕ್ಕೆ ಮೊದಲೇ ತೆಗೆಯುವುದು ಒಳಿತು. ತೋರಣವನ್ನು ವಿದ್ಯುತ್ ತಂತಿಗೆ ಅಥವಾ ಬಲ್ಬಿನ ಹೋಲ್ಡರಿಗೆ ಕಟ್ಟಬಾರದು.

ಮಣಿತೋರಣ ಮಾಡುವಾಗ ಚಿಕ್ಕ ಮಕ್ಕಳು ಮಣಿಗಳನ್ನು ಬಾಯಿಗೆ ಅಥವಾ ಮೂಗಿಗೆ ಹಾಕಿಕೊಳ್ಳದಂತೆ ಹಿರಿಯರು ಜೊತೆಯಲ್ಲಿರಬೇಕು. ಬಾಗಿಲ ಮೇಲೆ ಕಟ್ಟಲು ಕುರ್ಚಿಗಳನ್ನು ಒಂದರ ಮೇಲೊಂದಿಟ್ಟು ಹತ್ತದೆ, ಭದ್ರವಾದ ಏಣಿ ಅಥವಾ ಸ್ಟೂಲನ್ನು ಬಳಸಬೇಕು. ವಯಸ್ಸಾದವರು ಈ ಕೆಲಸವನ್ನು ಕಿರಿಯರಿಗೆ ಬಿಡುವುದು ಕ್ಷೇಮಕರ.

ನಂಬಿಕೆ ಮತ್ತು ವಾಸ್ತವ

ಬಾಗಿಲಿಗೆ ಕಟ್ಟಿದ ಮಾವಿನ ಎಲೆಗಳು ಆಮ್ಲಜನಕವನ್ನು ಬಿಡುಗಡೆ ಮಾಡಿ ಮನೆಯ ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂಬ ಹೇಳಿಕೆ ವ್ಯಾಪಕವಾಗಿ ಪ್ರಚಾರದಲ್ಲಿದೆ. ಎಲೆಯ ದ್ಯುತಿಸಂಶ್ಲೇಷಣೆಗೆ ಬೆಳಕಿನ ಜೊತೆಗೆ ನೀರೂ ಬೇಕು. ಮರದಿಂದ ಬೇರ್ಪಟ್ಟ ಎಲೆಗೆ ನೀರಿನ ಪೂರೈಕೆ ನಿಲ್ಲುವುದರಿಂದ ಆ ಕ್ರಿಯೆ ಬೇಗನೆ ಕುಂದುತ್ತದೆ. ಕೆಲವು ಎಲೆಗಳಿಂದ ಮನೆಯ ಗಾಳಿಯಲ್ಲಿ ಗಣನೀಯ ಬದಲಾವಣೆಯಾಗುವುದಿಲ್ಲ. ತೋರಣದ ಮಹತ್ವವು ಅದರ ಸೌಂದರ್ಯ, ಸಂಪ್ರದಾಯ ಮತ್ತು ಅತಿಥಿಸತ್ಕಾರದ ಭಾವನೆಯಲ್ಲಿದೆ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಎಲೆ ಆರಿಸಿ, ಪೋಣಿಸಿ, ಕಟ್ಟುವ ಆ ಒಂದು ಗಂಟೆಯ ಕೆಲಸದಲ್ಲಿಯೇ ಈ ಕಲೆ ಹಿರಿಯರಿಂದ ಕಿರಿಯರಿಗೆ ಸಾಗುತ್ತಾ ಬಂದಿದೆ.