ಎರೆಯನ್ನು ತಿಂದು ಗಾಳವನ್ನು ತಪ್ಪಿಸಿಕೊಳ್ಳಬಹುದೇ?

ಚುನಾವಣೆ ಸಮೀಪಿಸಿದಾಗಲೆಲ್ಲ ಮನೆಮನೆಗೆ ಭೇಟಿ ನೀಡುವ ಧರ್ಮಕೇಂದ್ರದ ಗುರುವಿಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಕೇಳುವವರು ದುರ್ಜನರಲ್ಲ, ಭಾನುವಾರದ ಬಲಿಪೂಜೆಗೆ ತಪ್ಪದೆ ಬರುವ, ಮಕ್ಕಳನ್ನು ಧರ್ಮೋಪದೇಶದ ತರಗತಿಗೆ ಕಳುಹಿಸುವ ಗೃಹಸ್ಥರು. “ಫಾದರ್, ರಾತ್ರಿ ಬಂದು ಲಕೋಟೆ ಕೊಟ್ಟು ಹೋಗುತ್ತಾರೆ. ನಾವಾಗಿ ಕೇಳಿದ್ದಲ್ಲ. ಬೇಡವೆಂದರೆ ಎದುರು ಪಕ್ಷದವರೆಂದು ಗುರುತಿಟ್ಟುಕೊಳ್ಳುತ್ತಾರೆ. ಹಣ ತೆಗೆದುಕೊಂಡು ಓಟನ್ನು ಮಾತ್ರ ಮನಸ್ಸಾಕ್ಷಿಯಂತೆ ಹಾಕಿದರೆ ಅದು ಪಾಪವೇ?”

ಈ ಪ್ರಶ್ನೆ ನಮ್ಮ ಊರಿನದು ಮಾತ್ರವಲ್ಲ. ಏಷ್ಯಾ ಖಂಡದ ಅತಿ ದೊಡ್ಡ ಕಥೋಲಿಕ ರಾಷ್ಟ್ರವಾದ ಫಿಲಿಪ್ಪೀನ್ಸ್ ಇದನ್ನು ಎಂದೋ ಕೇಳಿಕೊಂಡಿತ್ತು. ಅದರ ಅನುಭವದಿಂದ ನಾವು ಕಲಿಯಬೇಕಾದುದಿದೆ.

1965ರಲ್ಲಿ ಚುನಾಯಿತರಾಗಿ ಅಧಿಕಾರಕ್ಕೆ ಬಂದ ಫರ್ಡಿನಾಂಡ್ ಮಾರ್ಕೋಸ್, 1972ರಲ್ಲಿ ಸೇನಾ ಕಾನೂನನ್ನು ಘೋಷಿಸಿ ಸರ್ವಾಧಿಕಾರಿಯಾದರು. 1983ರಲ್ಲಿ ವಿರೋಧ ಪಕ್ಷದ ನಾಯಕ ಬೆನಿಗ್ನೊ ಅಕಿನೊ ಅವರನ್ನು ಮನಿಲಾ ವಿಮಾನ ನಿಲ್ದಾಣದಲ್ಲೇ ಗುಂಡಿಟ್ಟು ಕೊಲ್ಲಲಾಯಿತು. 1986ರ ಫೆಬ್ರವರಿ 7ರಂದು ನಡೆದ ಚುನಾವಣೆಯಲ್ಲಿ ಅವರ ಪತ್ನಿ ಕೊರಾಜಾನ್ ಅಕಿನೊ ಮಾರ್ಕೋಸರಿಗೆ ಎದುರಾಗಿ ನಿಂತರು. ಹಣದ ಹೊಳೆ ಹರಿಯಿತು. ಮತ ಎಣಿಕೆಯ ಅಂಕಿಗಳನ್ನು ತಿರುಚಲಾಗುತ್ತಿದೆಯೆಂದು ಚುನಾವಣಾ ಆಯೋಗದ ಕಂಪ್ಯೂಟರ್ ಸಿಬ್ಬಂದಿಯೇ ಕೆಲಸ ಬಿಟ್ಟು ಎದ್ದು ನಡೆದರು. ಇಂಥ ವಂಚನೆಯಿಂದ ಪಡೆದ ಅಧಿಕಾರಕ್ಕೆ ನೈತಿಕ ಆಧಾರವಿಲ್ಲವೆಂದು ಆ ದೇಶದ ಧರ್ಮಾಧ್ಯಕ್ಷರು ಬಹಿರಂಗವಾಗಿ ಸಾರಿದರು. ಫೆಬ್ರವರಿ 22ರಂದು ಸೇನೆಯ ಒಂದು ಭಾಗ ಮಾರ್ಕೋಸರ ವಿರುದ್ಧ ತಿರುಗಿ ನಿಂತಾಗ, ಮನಿಲಾದ ಕಾರ್ಡಿನಲ್ ಹೈಮೆ ಸಿನ್ ರೇಡಿಯೋ ವೆರಿತಾಸ್ ಮೂಲಕ ಜನರನ್ನು ಬೀದಿಗೆ ಕರೆದರು. ‘ಎಡ್ಸಾ’ ಎಂಬ ಹೆದ್ದಾರಿಯಲ್ಲಿ ಲಕ್ಷಾಂತರ ಜನ ಸೇರಿದರು. ಧರ್ಮಭಗಿನಿಯರು ಜಪಮಾಲೆ ಹಿಡಿದು ಟ್ಯಾಂಕುಗಳ ಮುಂದೆ ಮೊಣಕಾಲೂರಿದರು. ನಾಲ್ಕೇ ದಿನಗಳಲ್ಲಿ, 25ರಂದು, ಮಾರ್ಕೋಸ್ ದೇಶ ಬಿಟ್ಟು ಹವಾಯಿಗೆ ತೆರಳಿದರು.

ಲೂಟಿಯ ಪ್ರಮಾಣವೇನು? 2003ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಸ್ವಿಸ್ ಬ್ಯಾಂಕುಗಳಲ್ಲಿದ್ದ ಸುಮಾರು 65 ಕೋಟಿ 80 ಲಕ್ಷ ಡಾಲರ್ ಮೊತ್ತವನ್ನು ಸರ್ಕಾರದ ವಶಕ್ಕೆ ಒಪ್ಪಿಸಿತು. ಅಧಿಕಾರದ ಅವಧಿಯುದ್ದಕ್ಕೂ ಮಾರ್ಕೋಸ್ ದಂಪತಿಗಳ ನ್ಯಾಯಬದ್ಧ ಸಂಬಳವೆಂದು ನ್ಯಾಯಾಲಯ ಲೆಕ್ಕ ಹಾಕಿದ್ದು ಕೇವಲ 3 ಲಕ್ಷ ಡಾಲರ್‌ಗಳಷ್ಟು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದೊಂದು ವಿಜಯಗಾಥೆಯಾಗುತ್ತಿತ್ತು. 1998ರಲ್ಲಿ ಅದೇ ಜನರು ಜೋಸೆಫ್ ಎಸ್ಟ್ರಾಡಾ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಅಕ್ರಮ ಜೂಜಿನ ಹಣ ಪಡೆದ ಆರೋಪ ಬಂದಾಗ 2001ರ ಜನವರಿಯಲ್ಲಿ ಅದೇ ಹೆದ್ದಾರಿಯಲ್ಲಿ ಮತ್ತೆ ಜನಸಾಗರ ಸೇರಿತು, ಎಸ್ಟ್ರಾಡಾ ಕೆಳಗಿಳಿದರು. 2007ರಲ್ಲಿ ಸಾರ್ವಜನಿಕ ಸಂಪತ್ತಿನ ಲೂಟಿಗಾಗಿ ಅವರಿಗೆ ಶಿಕ್ಷೆಯಾಯಿತು, ಕೆಲವೇ ವಾರಗಳಲ್ಲಿ ಕ್ಷಮಾದಾನವೂ ದೊರೆಯಿತು. 2010ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅವರು ಎರಡನೆಯ ಸ್ಥಾನ ಪಡೆದರು. 2013ರಲ್ಲಿ ಮನಿಲಾದ ಮೇಯರ್ ಆದರು. 2025ರ ಸೆಪ್ಟೆಂಬರ್ 21ರಂದು, ಕಾಗದದ ಮೇಲೆ ಮಾತ್ರ ಕಟ್ಟಲ್ಪಟ್ಟ ಪ್ರವಾಹ ತಡೆಗೋಡೆಗಳ ಹಗರಣವನ್ನು ಖಂಡಿಸಿ, ಗುರುಗಳೂ ಧರ್ಮಭಗಿನಿಯರೂ ಸೇರಿದಂತೆ ಸಾವಿರಾರು ಜನ ಮತ್ತೆ ಎಡ್ಸಾ ಹೆದ್ದಾರಿಗೆ ಬಂದರು.

ಮೂರು ಬಾರಿ ಬೀದಿಗಿಳಿದ ಜನರನ್ನು ಹೀಯಾಳಿಸುವುದು ನನ್ನ ಉದ್ದೇಶವಲ್ಲ. ಅವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಪ್ರತಿಭಟನೆ ದುಷ್ಟನನ್ನು ಇಳಿಸಬಲ್ಲುದೇ ಹೊರತು ಸಜ್ಜನನನ್ನು ಏರಿಸಲಾರದು. ಏರಿಸುವ ಶಕ್ತಿ ಇರುವುದು ಮತಕ್ಕೆ. ಬೀದಿಯಲ್ಲಿ ನಾಲ್ಕು ದಿನ ವೀರರಾಗಿ, ಮತಗಟ್ಟೆಯಲ್ಲಿ ಐದು ವರ್ಷಕ್ಕೊಮ್ಮೆ ವ್ಯಾಪಾರಿಗಳಾದರೆ ಫಲವೇನು?

ಈಗ ಮೊದಲ ಪ್ರಶ್ನೆಗೆ ಬರೋಣ. ಕಾರ್ಡಿನಲ್ ಸಿನ್ ಅವರೇ ತಮ್ಮ ಜನರಿಗೆ, ಎರೆಯನ್ನು ತಿನ್ನಿರಿ, ಗಾಳಕ್ಕೆ ಸಿಕ್ಕಬೇಡಿರಿ ಎಂಬರ್ಥದ ಸಲಹೆ ನೀಡಿದ್ದರು. ಇದರಲ್ಲಿ ಒಂದು ಸತ್ಯಾಂಶವಿದೆ. ಅಧರ್ಮದ ಕಾರ್ಯಕ್ಕಾಗಿ ಮಾಡಿದ ಒಪ್ಪಂದ ಯಾರನ್ನೂ ಬಂಧಿಸದು. ಲಕೋಟೆ ಪಡೆದವನು ‘ಉಪ್ಪು ತಿಂದ ಮನೆಗೆ ದ್ರೋಹ ಬಗೆಯಬಾರದು’ ಎಂದು ಮತ ಹಾಕಬೇಕಾಗಿಲ್ಲ. ಆ ಉಪ್ಪು ಅವನದೇ ಮನೆಯಿಂದ ಕದ್ದದ್ದು. ಬಡವನಿಗೆ, ಬೆದರಿಕೆಗೆ ಅಂಜಿದವನಿಗೆ, ಈ ಮಾತು ಬಿಡುಗಡೆಯ ಮಾತೇ ಸರಿ.

ಆದರೂ ಈ ಸಲಹೆಯನ್ನು ನಿತ್ಯದ ನಿಯಮವಾಗಿ ಸ್ವೀಕರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಎಲ್ಲರೂ ಎರೆ ತಿನ್ನುವ ಊರಿನಲ್ಲಿ ಹಣವಿಲ್ಲದ ಸಜ್ಜನನು ಚುನಾವಣೆಗೆ ನಿಲ್ಲಲಾರನು. ಹಣ ಹಂಚಿದವನು ಅದನ್ನು ನಮ್ಮ ರಸ್ತೆಯಿಂದ, ಆಸ್ಪತ್ರೆಯ ಔಷಧಿಯಿಂದ, ಶಾಲೆಯ ಸೂರಿನಿಂದ ಬಡ್ಡಿ ಸಮೇತ ಹಿಂಪಡೆಯುತ್ತಾನೆ. ನಿರ್ಣಯ ಕೈಗೊಳ್ಳಬೇಕಾದವರ ವಿವೇಕವನ್ನು ಆಮಿಷದಿಂದ ಕೆಡಿಸುವ ಭ್ರಷ್ಟತೆಯನ್ನು ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಏಳನೆಯ ಆಜ್ಞೆಯ ಉಲ್ಲಂಘನೆಯೆಂದು ಎಣಿಸುತ್ತದೆ. ಮತದಾನವನ್ನು ನೈತಿಕ ಕರ್ತವ್ಯವೆಂದೂ ಅದೇ ಗ್ರಂಥ ಬೋಧಿಸುತ್ತದೆ. ಭಾರತದ ಕಾನೂನಿನಲ್ಲೂ ಮತಕ್ಕಾಗಿ ಹಣ ಕೊಡುವವನಷ್ಟೇ ಅಲ್ಲ, ಪಡೆಯುವವನೂ ಅಪರಾಧಿ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಇಬ್ಬರಿಗೂ ಒಂದು ವರ್ಷದವರೆಗಿನ ಸೆರೆಮನೆ ವಾಸವನ್ನು ವಿಧಿಸಬಲ್ಲುದು.

ಈಗಾಗಲೇ ಲಕೋಟೆ ಪಡೆದವರು ಏನು ಮಾಡಬೇಕು? ಕೊಡುವುದೂ ಪಡೆಯುವುದೂ ಎರಡೂ ಅಧರ್ಮವಾಗಿರುವಲ್ಲಿ, ಆ ಹಣವನ್ನು ಕೊಟ್ಟವನಿಗೆ ಹಿಂದಿರುಗಿಸಬೇಕಾಗಿಲ್ಲ, ಪಡೆದವನೂ ಇಟ್ಟುಕೊಳ್ಳಬಾರದು, ಬಡವರಿಗೆ ದಾನ ಮಾಡಬೇಕು ಎಂಬುದು ಸಂತ ಥಾಮಸ್ ಅಕ್ವಿನಾಸರ ತೀರ್ಮಾನ.

ಇಷ್ಟು ಬರೆದ ಮೇಲೆ ನನ್ನ ತಪ್ಪನ್ನೂ ಹೇಳದಿದ್ದರೆ ಅದು ಕಪಟವಾದೀತು. ಹಲವು ವರ್ಷಗಳ ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದಲ್ಲಿ, ಮತದಾನಕ್ಕೆ ಎರಡು ವಾರ ಮುಂಚೆ, ಹಬ್ಬದ ದೀಪಾಲಂಕಾರದ ಖರ್ಚನ್ನು ಅಭ್ಯರ್ಥಿಯೊಬ್ಬರು ವಹಿಸಿಕೊಂಡರು. ನಾನು ಧನ್ಯವಾದ ಹೇಳಿದೆ. ಮುಂದಿನ ಭಾನುವಾರ ಮತದಾರರ ಕರ್ತವ್ಯದ ಬಗ್ಗೆ ಬೋಧಿಸಲು ಸಿದ್ಧಪಡಿಸಿದ್ದ ಪ್ರಸಂಗವನ್ನು ಮಡಚಿಟ್ಟೆ. ನನ್ನ ಮತವನ್ನು ನಾನು ಮಾರಿರಲಿಲ್ಲ. ಆದರೆ ನನ್ನ ನಾಲಿಗೆಯನ್ನು ಮಾರಿದ್ದೆ. ಎರೆ ತಿಂದವನಿಗೆ ಗಾಳ ತಾಗದೆ ಇರುವುದಿಲ್ಲವೆಂದು ಅಂದು ತಿಳಿಯಿತು.

ಫಿಲಿಪ್ಪೀನ್ಸಿನಲ್ಲಿ 1991ರಲ್ಲಿ ಧರ್ಮಕೇಂದ್ರಗಳ ಮಟ್ಟದಲ್ಲಿ ಜವಾಬ್ದಾರಿಯುತ ಮತದಾನಕ್ಕಾಗಿ ಶ್ರೀಸಾಮಾನ್ಯ ವಿಶ್ವಾಸಿಗಳ ಸಂಘಟನೆಯೊಂದು ಹುಟ್ಟಿತು. ಮತದಾರರನ್ನು ಎಚ್ಚರಿಸುವುದು, ಮತಗಟ್ಟೆಗಳನ್ನು ಕಾಯುವುದು ಅದರ ಕೆಲಸ. ನಾವೂ ಒಂದು ಹೆಜ್ಜೆ ಇಡಬಹುದು. ಒಂದು ಮನೆ ಮಾತ್ರ ಲಕೋಟೆ ಬೇಡವೆಂದರೆ ಅದನ್ನು ಗುರುತಿಟ್ಟುಕೊಳ್ಳುತ್ತಾರೆ. ಕಿರು ಕ್ರೈಸ್ತ ಸಮುದಾಯದ ಇಪ್ಪತ್ತು ಮನೆಗಳು, ನೆರೆಯ ಹಿಂದೂ ಮುಸ್ಲಿಂ ಬಾಂಧವರನ್ನೂ ಕೂಡಿಕೊಂಡು, ಒಟ್ಟಾಗಿ ಬೇಡವೆಂದರೆ ಯಾರನ್ನು ಗುರುತಿಟ್ಟುಕೊಂಡಾರು?

ಹಸಿದು ಬಂದ ಏಸಾವನು ಒಂದು ಊಟದ ಬೇಳೆಗಾಗಿ ತನ್ನ ಚೊಚ್ಚಲತನದ ಹಕ್ಕನ್ನು ಮಾರಿದ ವೃತ್ತಾಂತವನ್ನು ನಮ್ಮ ಮಕ್ಕಳು ಧರ್ಮೋಪದೇಶದ ತರಗತಿಯಲ್ಲಿ ಕಲಿಯುತ್ತಾರೆ. ಮುಂದಿನ ಚುನಾವಣೆಯ ರಾತ್ರಿ ಬಾಗಿಲು ಬಡಿದ ಸದ್ದಾದಾಗ, ನಾವು ಬಾಗಿಲಲ್ಲಿ ಏನು ಹೇಳಿದೆವೆಂಬುದನ್ನು ಆ ಮಕ್ಕಳು ಒಳಗಿನಿಂದ ಕೇಳಿಸಿಕೊಳ್ಳುತ್ತಿರುತ್ತಾರೆ.