ಟವರ್ ಇಲ್ಲದಲ್ಲಿ ಯಾರು ಹೇಳಬೇಕು?

ಚುನಾವಣೆ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಂಥ ಊರುಗಳಲ್ಲೂ ಹೆಲಿಕಾಪ್ಟರ್ ಇಳಿಯುವುದು ಹೊಸತೇನಲ್ಲ. ಮೈದಾನದ ನಡುವೆ ಸುಣ್ಣದ ವೃತ್ತ, ಸುತ್ತ ಪೊಲೀಸರು, ಬೇಲಿಯಾಚೆ ಜನಜಾತ್ರೆ. ಇಲ್ಲದ್ದು ಒಂದೇ, ಕಂಟ್ರೋಲ್ ಟವರ್. ಅದಿರುವುದು ಮೈಸೂರಿನ ಮಂಡಕಳ್ಳಿಯಲ್ಲಿ. ಬಂದದ್ದು ಒಂದೇ ಹೆಲಿಕಾಪ್ಟರ್ ಆದರೆ ಸರಿ, ಎರಡು ಬಂದರೆ?

ಅಮೆರಿಕದಲ್ಲಿ ಟವರ್ ಇಲ್ಲದ ವಿಮಾನ ನಿಲ್ದಾಣಗಳೇ ಹೆಚ್ಚು. ಅಲ್ಲಿ ಪೈಲಟ್‌ಗಳೆಲ್ಲ ಒಂದೇ ರೇಡಿಯೊ ತರಂಗಾಂತರಕ್ಕೆ ಕಿವಿಗೊಡುತ್ತಾರೆ. ತಾನು ಯಾರು, ಎಲ್ಲಿದ್ದೇನೆ, ಏನು ಮಾಡಲಿದ್ದೇನೆ ಎಂದು ತಾವೇ ಸಾರುತ್ತಾರೆ. ಮಾತಿನ ಮೊದಲಿಗೂ ಕೊನೆಗೂ ನಿಲ್ದಾಣದ ಹೆಸರು ಹೇಳುವುದು ರೂಢಿ. ಅಕ್ಕಪಕ್ಕದ ನಿಲ್ದಾಣಗಳಿಗೂ ಅದೇ ತರಂಗಾಂತರ ಇರುವುದುಂಟು. ಹುಣಸೂರಿನಲ್ಲಿ ಇಳಿಯುವವನ ಮಾತು ಕೆ.ಆರ್. ನಗರದಲ್ಲಿ ಏರುವವನಿಗೂ ಕೇಳಿಸಿದಂತೆ! ನಾಗರಹೊಳೆಯ ಅರಣ್ಯ ಸಿಬ್ಬಂದಿಯ ವಾಕಿಟಾಕಿಯ ಹಾಗೆ ಇಲ್ಲಿಯೂ ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು. ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿದರೆ ಕಿರ್ರೆಂಬ ಸದ್ದಷ್ಟೆ.

ಈ ಏರ್ಪಾಟು ಎಷ್ಟು ನಾಜೂಕು ಎಂಬುದಕ್ಕೆ ಇಲಿನಾಯ್ ರಾಜ್ಯದ ಕ್ವಿನ್ಸಿ ಊರಿನ ಘಟನೆಯೊಂದಿದೆ.

1996ರ ನವೆಂಬರ್ 19, ಸಂಜೆ ಐದರ ಹೊತ್ತು. ಹನ್ನೆರಡು ಮಂದಿಯನ್ನು ಹೊತ್ತ ಯುನೈಟೆಡ್ ಎಕ್ಸ್‌ಪ್ರೆಸ್ ವಿಮಾನ ಇಳಿಯಲು ಬರುತ್ತಿತ್ತು. ಬರುತ್ತಿರುವುದನ್ನು ಅದರ ಪೈಲಟ್‌ಗಳು ರೇಡಿಯೊದಲ್ಲಿ ಮತ್ತೆ ಮತ್ತೆ ಸಾರಿದ್ದರು. ಅದನ್ನು ಅಡ್ಡ ಹಾಯುವ ಇನ್ನೊಂದು ರನ್‌ವೇ ತುದಿಯಲ್ಲಿ ಕಿಂಗ್ ಏರ್ ಎಂಬ ಖಾಸಗಿ ವಿಮಾನ. ಅದರ ಹಿಂದೆ ಸರದಿಗೆ ಕಾದ ಪುಟ್ಟ ಚೆರೊಕಿ. 'ನೀವು ಅಲ್ಲೇ ನಿಲ್ಲುತ್ತೀರೋ, ಹಾರುತ್ತೀರೋ?' ಎಂದು ಇಳಿಯುವವರು ಕೇಳಿದರು. ಕಿಂಗ್ ಏರ್ ಸುಮ್ಮನಿತ್ತು. ಉತ್ತರ ಕೊಟ್ಟಿದ್ದು ಹಿಂದಿದ್ದ ಚೆರೊಕಿ! ತನ್ನ ನೋಂದಣಿ ಸಂಖ್ಯೆ ಹೇಳಿ, ಹೊರಡಲು ಕಾಯುತ್ತಿದ್ದೇನೆ ಎಂದಿತು. ಕಿಂಗ್ ಏರ್‌ನ ಹೆಸರೂ ಆ ಮಾತಿನ ಕೊನೆಯಲ್ಲಿತ್ತು. ಆದರೆ ಅದೇ ಕ್ಷಣಕ್ಕೆ ಇಳಿಯುವ ವಿಮಾನದೊಳಗಿನ ಎಚ್ಚರಿಕೆ ಯಂತ್ರ ಎತ್ತರವನ್ನು 'ಇನ್ನೂರು' ಎಂದು ಕೂಗಿ ನಡುವೆ ಬಾಯಿ ಹಾಕಿತು. ಮುಂದಿರುವವರೇ ಕಾಯುತ್ತಾರೆಂದು ನಂಬಿದ ಪೈಲಟ್‌ಗಳು ಮೆಚ್ಚುಗೆಯ ಮಾತು ಹೇಳಿ ಇಳಿದರು. ಕಿಂಗ್ ಏರ್ ಓಡಲಾರಂಭಿಸಿತ್ತು. ರನ್‌ವೇಗಳು ಕೂಡುವಲ್ಲಿ ಡಿಕ್ಕಿ.

ದೊಡ್ಡ ವಿಮಾನದವರು ಡಿಕ್ಕಿಯಲ್ಲಿ ಬದುಕಿ ಉಳಿದಿದ್ದರು ಎಂಬುದು ಇನ್ನೂ ಸಂಕಟದ ಸಂಗತಿ. ಓಡಿಬಂದವರು ಬಾಗಿಲು ಎಳೆದರು, ಅದು ತೆರೆದುಕೊಳ್ಳಲಿಲ್ಲ. ಅಗ್ನಿಶಾಮಕ ದಳ ನಿಲ್ದಾಣದಲ್ಲಿರಲಿಲ್ಲ. ಎರಡೂ ವಿಮಾನಗಳ ಹದಿನಾಲ್ಕು ಮಂದಿಯೂ ಸತ್ತರು.

ಕಿಂಗ್ ಏರ್‌ನವರು ರೇಡಿಯೊವನ್ನು ಸರಿಯಾಗಿ ಆಲಿಸಲಿಲ್ಲ, ಇಲ್ಲವೇ ಸುತ್ತ ಕಣ್ಣಾಡಿಸಲಿಲ್ಲ ಎಂದಿತು ಅಮೆರಿಕದ ತನಿಖಾ ಮಂಡಳಿ. ಅರ್ಧಕ್ಕೇ ತುಂಡಾದ ಆ ಉತ್ತರವೂ ದುರಂತಕ್ಕೆ ಕೈಜೋಡಿಸಿದ ಕಾರಣಗಳಲ್ಲಿ ಸೇರಿತು.