ಡಿಜಿಟಲ್ ಪೆಟ್ಟಿಗೆಯಲ್ಲಿ ವಾಲ್ವ್ ನಾದ: ಗಿಟಾರ್ ವಾದಕರು ತಿಳಿದಿರಬೇಕಾದ ಸಂಗತಿಗಳು

ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಊರಿನ ಜಾತ್ರೆಯಿರಲಿ, ಬೆಂಗಳೂರಿನ ಸಭಾಂಗಣವಿರಲಿ, ರಸಮಂಜರಿ ವೇದಿಕೆಯ ಎಲೆಕ್ಟ್ರಿಕ್ ಗಿಟಾರ್ ವಾದಕನ ಕಾಲಬಳಿ ಇಂದು ಸಾಮಾನ್ಯವಾಗಿ ಕಾಣಸಿಗುವುದು ಹಲವು ಗುಂಡಿಗಳುಳ್ಳ ಒಂದು ಪುಟ್ಟ ಪೆಟ್ಟಿಗೆ. ವಾದಕರು ಇದನ್ನು 'ಪ್ರೊಸೆಸರ್' ಎಂದು ಕರೆಯುವುದು ರೂಢಿ. ಹಳೆಯ ಕಾಲದ ವಾಲ್ವ್ ಆಂಪ್ಲಿಫೈಯರ್‌ಗಳ ನಾದವನ್ನು ಗಣಿತದ ಮೂಲಕ ಅನುಕರಿಸುವುದೇ ಇದರ ಕೆಲಸ. ಹಣ ತೆತ್ತು ಇದನ್ನು ಕೊಂಡ ಅನೇಕರು ಮಾತ್ರ, ಧ್ವನಿ ಮೊನಚಾಗಿದೆ, ಜೀವವಿಲ್ಲ, ಜೇನುನೊಣದ ಝೇಂಕಾರದಂತಿದೆ ಎಂದು ದೂರುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ದೋಷವಿರುವುದು ಯಂತ್ರವನ್ನು ಹೊಂದಿಸಿದ ಕ್ರಮದಲ್ಲಿ. ವಾಲ್ವ್ ಆಂಪ್ಲಿಫೈಯರ್ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಅರಿತರೆ ಈ ಕ್ರಮ ತಾನಾಗಿಯೇ ಸ್ಪಷ್ಟವಾಗುತ್ತದೆ.

ಜಾಲಹಳ್ಳಿಯ ನಂಟು

ವಾಲ್ವ್ ಕನ್ನಡಿಗರಿಗೆ ಹೊಸತಲ್ಲ. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆಯನ್ನು ಆರಂಭಿಸಿತು. ಗುಂಡಿ ತಿರುಗಿಸಿದ ಬಳಿಕ ವಾಲ್ವ್ ಕಾದು ಆಕಾಶವಾಣಿಯ ಧ್ವನಿ ಹೊರಬರುವವರೆಗೆ ಕಾಯುತ್ತಿದ್ದ ದಿನಗಳು ಹಿರಿಯರ ನೆನಪಿನಲ್ಲಿವೆ. ಆ ಸಂಸ್ಥೆಯು ತಯಾರಿಸಿದ ಇಎಲ್ 84 ಎಂಬ ವಾಲ್ವ್, ಇಂಗ್ಲೆಂಡಿನ ಪ್ರಸಿದ್ಧ ವಾಕ್ಸ್ ಎಸಿ 30 ಗಿಟಾರ್ ಆಂಪ್ಲಿಫೈಯರಿನಲ್ಲಿ ಬಳಕೆಯಾದ ಮಾದರಿಯೇ ಆಗಿದೆ. ಹಳ್ಳಿಯ ಕಟ್ಟೆಯ ಮೇಲೆ ವಾರ್ತೆ ಕೇಳಿಸಿದ ತಂತ್ರಜ್ಞಾನವೇ ಅತ್ತ ರಾಕ್ ಸಂಗೀತಕ್ಕೂ ಆಧಾರವಾಗಿತ್ತು.

ವಾಲ್ವ್ ಎಂದರೆ ಗಾಳಿಯನ್ನು ತೆಗೆದ ಗಾಜಿನ ನಳಿಕೆ. ಅದರೊಳಗೆ ಕಾದ ಕ್ಯಾಥೋಡ್‌ನಿಂದ ಹೊರಟ ಎಲೆಕ್ಟ್ರಾನ್‌ಗಳು ಆನೋಡ್‌ನತ್ತ ಹರಿಯುತ್ತವೆ. ನಡುವೆ ಇರುವ ಜಾಲರಿಗೆ ಗಿಟಾರಿನ ಕ್ಷೀಣ ಸಂಕೇತವನ್ನು ನೀಡಿದಾಗ ಈ ಹರಿವು ಅದಕ್ಕೆ ತಕ್ಕಂತೆ ಏರಿಳಿದು, ಸಂಕೇತವು ಹಲವು ಪಟ್ಟು ದೊಡ್ಡದಾಗಿ ಹೊರಬರುತ್ತದೆ. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಈ ಜಾಲರಿಯನ್ನು ಅಳವಡಿಸಿದ ಮೇಲೆಯೇ ಧ್ವನಿವರ್ಧನೆ ಸಾಧ್ಯವಾಯಿತು. 1947ರಲ್ಲಿ ಟ್ರಾನ್ಸಿಸ್ಟರ್ ಬಂದು ಕ್ರಮೇಣ ರೇಡಿಯೋದಿಂದ ವಾಲ್ವ್ ಮರೆಯಾದರೂ ಗಿಟಾರ್ ವಾದಕರು ಅದನ್ನು ಬಿಡಲಿಲ್ಲ.

ವಾಲ್ವ್ ನಾದದ ಗುಟ್ಟು

ವಾಲ್ವ್ ತನ್ನ ಸಾಮರ್ಥ್ಯದ ಮಿತಿಯನ್ನು ಮೀರಿದಾಗ ಅಲೆಯ ತುದಿಯನ್ನು ಕತ್ತರಿಯಿಂದ ಕತ್ತರಿಸಿದಂತೆ ಮೊಟಕುಗೊಳಿಸುವುದಿಲ್ಲ. ಮೆಲ್ಲನೆ ಅದುಮುತ್ತದೆ. ಹೀಗೆ ಅದುಮಿದಾಗ ಮೂಲ ಸ್ವರದೊಡನೆ ಹೊಸ ಉಪಸ್ವರಗಳು ಹುಟ್ಟುತ್ತವೆ. ಗಿಟಾರಿನ 110 ಹರ್ಟ್ಸ್‌ನ ತಂತಿಯನ್ನು ಷಡ್ಜವೆಂದು ಭಾವಿಸಿದರೆ, ಎರಡನೆಯ ಉಪಸ್ವರವಾದ 220 ಹರ್ಟ್ಸ್ ಮೇಲಿನ ಸ್ಥಾಯಿಯ ಷಡ್ಜ; ಮೂರನೆಯದಾದ 330 ಹರ್ಟ್ಸ್ ಅದೇ ಸ್ಥಾಯಿಯ ಪಂಚಮ. ಇವು ಕಿವಿಗೆ ಹಿತ. ಅಲೆಯನ್ನು ಒಮ್ಮೆಲೇ ಕತ್ತರಿಸಿದಾಗ ಏಳನೆಯದು ಹಾಗೂ ಅದಕ್ಕಿಂತ ಮೇಲಿನ ಉಪಸ್ವರಗಳು ಪ್ರಬಲವಾಗಿ, ಕರ್ಕಶತೆ ಉಂಟಾಗುತ್ತದೆ.

ಇದಕ್ಕೆ ಇನ್ನೂ ಮೂರು ಅಂಶಗಳನ್ನು ಸೇರಿಸಿಕೊಳ್ಳಬೇಕು. ಜೋರಾಗಿ ಮೀಟಿದಾಗ ಆಂಪ್ಲಿಫೈಯರಿನ ಒಳಗಿನ ವಿದ್ಯುತ್ ಒತ್ತಡ ಕ್ಷಣಕಾಲ ಕುಸಿದು ಮತ್ತೆ ಏರುತ್ತದೆ. ಬೆರಳಿಗೆ 'ಸ್ಪಂದಿಸುವ' ಅನುಭವ ಬರುವುದು ಇದರಿಂದ. ಹೊರಹೋಗುವ ಸಂಕೇತ ಹಾದುಹೋಗುವ ಟ್ರಾನ್ಸ್‌ಫಾರ್ಮರ್ ತನ್ನದೇ ಛಾಪು ಮೂಡಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ಧ್ವನಿಯನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ಮನೆಯ ಸಂಗೀತ ಯಂತ್ರದ ಸ್ಪೀಕರ್‌ಗೆ ಇದು ದೋಷ. ಗಿಟಾರಿಗೆ ಇದೇ ಭೂಷಣ.

ಹಾಗಾದರೆ ನಿಜವಾದ ವಾಲ್ವ್ ಆಂಪ್ಲಿಫೈಯರನ್ನೇ ಏಕೆ ಕೊಳ್ಳಬಾರದು? ಬೆಲೆ, ತೂಕ, ದುರಸ್ತಿ ಬಲ್ಲವರ ಅಭಾವ ಒಂದೆಡೆ. ಇನ್ನೊಂದೆಡೆ, 30 ವಾಟ್‌ನ ವಾಲ್ವ್ ಆಂಪ್ಲಿಫೈಯರ್ ತನ್ನ ಅತ್ಯುತ್ತಮ ನಾದ ನೀಡುವ ಹೊತ್ತಿಗೆ ಅದರ ಸದ್ದು 100 ಡೆಸಿಬೆಲ್ ದಾಟಿರುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬೆಲ್. ಜೊತೆಗೆ ವಾಲ್ವ್ ಯಂತ್ರದೊಳಗೆ 300 ವೋಲ್ಟ್ ಹಾಗೂ ಅದಕ್ಕೂ ಮೀರಿದ ಒತ್ತಡವಿರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ ಜೀವಕ್ಕೆ ಅಪಾಯ ತರಬಲ್ಲದು. ಅನುಭವವಿಲ್ಲದವರು ಅದನ್ನು ಬಿಚ್ಚಲೇಬಾರದು.

ಗಣಿತ ಮಾಡುವ ಅನುಕರಣೆ

1998ರಲ್ಲಿ ಲೈನ್ 6 ಸಂಸ್ಥೆಯ 'ಪಾಡ್' ಎಂಬ ಉಪಕರಣ ಈ ತಂತ್ರಜ್ಞಾನವನ್ನು ಜನಪ್ರಿಯಗೊಳಿಸಿತು. 2006ರಲ್ಲಿ ಫ್ರಾಕ್ಟಲ್ ಆಡಿಯೋದ ಆಕ್ಸ್-ಎಫ್‌ಎಕ್ಸ್, 2011ರಲ್ಲಿ ಜರ್ಮನಿಯ ಕೆಂಪರ್, 2015ರಲ್ಲಿ ಹೀಲಿಕ್ಸ್ ಬಂದವು. ಕೆಲವು ಯಂತ್ರಗಳು ಮಂಡಲದ ಪ್ರತಿಯೊಂದು ಬಿಡಿಭಾಗದ ವರ್ತನೆಯನ್ನು ಸಮೀಕರಣಗಳಾಗಿ ಬಿಡಿಸುತ್ತವೆ. ಇನ್ನು ಕೆಲವು, ನಿಜವಾದ ಆಂಪ್ಲಿಫೈಯರಿಗೆ ಪರೀಕ್ಷಾ ಸಂಕೇತಗಳನ್ನು ಕಳುಹಿಸಿ, ಹೊರಬಂದದ್ದನ್ನು ಆಲಿಸಿ, ಅದರ ಗುಣವನ್ನು 'ಕಲಿತುಕೊಳ್ಳುತ್ತವೆ'. ನ್ಯೂರಲ್ ಆಂಪ್ ಮಾಡೆಲರ್ ಎಂಬ ಮುಕ್ತ ತಂತ್ರಾಂಶ ಇದೇ ಕೆಲಸವನ್ನು ಕಂಪ್ಯೂಟರ್‌ನಲ್ಲಿ ಉಚಿತವಾಗಿ ಮಾಡುತ್ತದೆ. ಲೆಕ್ಕಾಚಾರಕ್ಕೆ ಕೆಲವು ಮಿಲಿಸೆಕೆಂಡ್ ತಡವಾಗುವುದು ನಿಜ. ಆದರೆ ಒಂದು ಮಿಲಿಸೆಕೆಂಡಿನಲ್ಲಿ ಶಬ್ದ ಸುಮಾರು 34 ಸೆಂಟಿಮೀಟರ್ ಚಲಿಸುತ್ತದೆ. 3 ಮಿಲಿಸೆಕೆಂಡ್ ತಡವೆಂದರೆ ಸ್ಪೀಕರಿನಿಂದ ಒಂದು ಮೀಟರ್ ದೂರ ನಿಂತಂತೆ, ಅಷ್ಟೆ.

ಹೊಂದಿಸುವ ಕ್ರಮ

ಮೊದಲನೆಯದಾಗಿ, ಯಂತ್ರದಿಂದ ಹೊರಡುವ ತಂತಿ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ನೋಡಬೇಕು. ವೇದಿಕೆಯ ಮಿಕ್ಸರ್‌ಗೋ ಹೆಡ್‌ಫೋನ್‌ಗೋ ಹೋಗುವುದಾದರೆ ಸ್ಪೀಕರ್ ಅನುಕರಣೆ ಚಾಲೂ ಇರಲೇಬೇಕು. ಗಿಟಾರ್ ಆಂಪ್ಲಿಫೈಯರಿಗೆ ಹೋಗುವುದಾದರೆ ಅದನ್ನು ಆರಿಸಬೇಕು. ಇಲ್ಲದಿದ್ದರೆ ಎರಡು ಸ್ಪೀಕರ್‌ಗಳ ಮೂಲಕ ಸೋಸಿದಂತಾಗಿ ಧ್ವನಿ ಮಂಕಾಗುತ್ತದೆ. ಝೇಂಕಾರದ ದೂರಿಗೆ ಅತಿ ಸಾಮಾನ್ಯ ಕಾರಣ ಈ ಒಂದು ಗುಂಡಿ.

ಎರಡನೆಯದು ಒಳಬರುವ ಮಟ್ಟ. ಅತ್ಯಂತ ಜೋರಾಗಿ ಮೀಟಿದಾಗಲೂ ಕೆಂಪು ದೀಪ ಹೊತ್ತಬಾರದು. ವಾಲ್ವ್‌ನ ಅನುಕರಣೆಗೆ ಮುನ್ನವೇ ಡಿಜಿಟಲ್ ಪರಿವರ್ತಕದಲ್ಲಿ ಅಲೆ ಕತ್ತರಿಸಿಹೋದರೆ ಮುಂದೆ ಅದನ್ನು ಸರಿಪಡಿಸಲಾಗದು.

ಮೂರನೆಯದಾಗಿ, ಆಂಪ್ಲಿಫೈಯರ್ ಮಾದರಿಯೊಂದನ್ನು ಆರಿಸಿ ಉಳಿದ ಎಲ್ಲ ಪರಿಣಾಮಗಳನ್ನು ಆರಿಸಿಬಿಡಬೇಕು. ಸ್ವಚ್ಛ, ಗಂಟೆಯಂಥ ಧ್ವನಿಗೆ ಫೆಂಡರ್, ಹೊಳಪಿಗೆ ವಾಕ್ಸ್, ಗಡುಸಿಗೆ ಮಾರ್ಷಲ್ ಮಾದರಿಗಳು ಒಳ್ಳೆಯ ಆರಂಭ. 1960ರ ದಶಕದ ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಮಾಸ್ಟರ್ ವಾಲ್ಯೂಮ್ ಇರಲಿಲ್ಲ. ಸದ್ದು ಹೆಚ್ಚಿಸಿದಂತೆ ಕೊನೆಯ ಹಂತದ ದೊಡ್ಡ ವಾಲ್ವ್‌ಗಳೂ ದಣಿಯುತ್ತಿದ್ದವು. ಆದ್ದರಿಂದ ಅನುಕರಣೆಯಲ್ಲಿ ಮಾಸ್ಟರ್ ಗುಂಡಿ ಇದ್ದರೆ ಅದನ್ನು ಏರಿಸಿ, ಗೇನ್ ಅನ್ನು ತಗ್ಗಿಸಬೇಕು. ಬೇಕೆನಿಸಿದ್ದಕ್ಕಿಂತ ಸ್ವಲ್ಪ ಕಡಿಮೆ ಗೇನ್ ಇಟ್ಟರೆ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ.

ನಾಲ್ಕನೆಯದು ಸ್ಪೀಕರ್ ಹಾಗೂ ಮೈಕ್‌ನ ಆಯ್ಕೆ. ನಿಜವಾದ ಸ್ಪೀಕರ್ ಪೆಟ್ಟಿಗೆಯ ಮುಂದೆ ಮೈಕ್ ಇಟ್ಟು ದಾಖಲಿಸಿದ ಪ್ರತಿಕ್ರಿಯೆಯನ್ನು 'ಇಂಪಲ್ಸ್ ರೆಸ್ಪಾನ್ಸ್' ಎನ್ನುತ್ತಾರೆ. ಆಂಪ್ಲಿಫೈಯರ್ ಮಾದರಿ ಬದಲಿಸುವುದಕ್ಕಿಂತ ಈ ಒಂದು ಕಡತವನ್ನು ಬದಲಿಸಿದಾಗ ನಾದದಲ್ಲಿ ಆಗುವ ವ್ಯತ್ಯಾಸವೇ ಅನೇಕ ವೇಳೆ ದೊಡ್ಡದು. ಅನಂತರ 80ರಿಂದ 100 ಹರ್ಟ್ಸ್‌ಗಿಂತ ಕೆಳಗಿನದನ್ನೂ, 6,000ದಿಂದ 8,000 ಹರ್ಟ್ಸ್‌ಗಿಂತ ಮೇಲಿನದನ್ನೂ ಕತ್ತರಿಸಿದರೆ ಗುಡುಗುವಿಕೆ ಮತ್ತು ಮೊನಚು ಎರಡೂ ಇಳಿಯುತ್ತವೆ.

ಐದನೆಯದಾಗಿ, ನಾದವನ್ನು ನಿಜವಾಗಿ ನುಡಿಸುವ ಸದ್ದಿನಲ್ಲೇ ಹೊಂದಿಸಬೇಕು. ಸದ್ದು ಕಡಿಮೆಯಿದ್ದಾಗ ಮನುಷ್ಯನ ಕಿವಿ ತಗ್ಗಿನ ಸ್ವರಗಳನ್ನೂ ತೀರ ಮೇಲಿನವನ್ನೂ ಕಡಿಮೆ ಗ್ರಹಿಸುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮುನ್ಸನ್ 1933ರಲ್ಲೇ ತೋರಿಸಿಕೊಟ್ಟಿದ್ದಾರೆ. ಮಲಗುವ ಕೋಣೆಯಲ್ಲಿ ತುಂಬಿದಂತೆ ಕೇಳಿದ ನಾದ ವೇದಿಕೆಯಲ್ಲಿ ಗುಡುಗುವುದೂ ಚುಚ್ಚುವುದೂ ಇದರಿಂದಲೇ. ಕೊನೆಯದಾಗಿ, ಗಿಟಾರಿನಲ್ಲೇ ಇರುವ ವಾಲ್ಯೂಮ್ ಗುಂಡಿಯನ್ನು ಮರೆಯಬಾರದು. ಅದನ್ನು ತಗ್ಗಿಸಿದಾಗ ಧ್ವನಿ ಸ್ವಚ್ಛವಾಗಿ, ಏರಿಸಿದಾಗ ಗಡುಸಾಗಿ ಬರುತ್ತಿದ್ದರೆ ಹೊಂದಾಣಿಕೆ ಸರಿಯಾಗಿದೆ ಎಂದೇ ಅರ್ಥ.

ಅನುಕರಣೆಯೋ ಅಸಲಿಯೋ?

ಇಂಥ ಚರ್ಚೆ ನಮ್ಮ ಸಂಗೀತಕ್ಕೂ ಪರಿಚಿತ. ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲು ವಾದಕ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯನ್ನು ಇಂದು ದೇಶದೆಲ್ಲೆಡೆ ಬಳಸುತ್ತಾರೆ. ಮರದ ತಂಬೂರಿಯ ಜೀವಾಳಿ ಅದರಲ್ಲಿ ಪೂರ್ತಿ ಬರದೆಂಬ ಮಾತು ಇದ್ದೇ ಇದೆ. ಹಾಗಿದ್ದೂ, ಶ್ರುತಿ ಹಿಡಿಯುವವರಿಲ್ಲದ ಮನೆಯ ಮಕ್ಕಳಿಗೆ ನಿತ್ಯದ ಅಭ್ಯಾಸ ಸಾಧ್ಯವಾದದ್ದು ಆ ಪೆಟ್ಟಿಗೆಯಿಂದ.

ಡಿಜಿಟಲ್ ಆಂಪ್ಲಿಫೈಯರಿನ ಸ್ಥಾನವೂ ಅಂಥದ್ದೇ. ಬೆನ್ನ ಹಿಂದೆ ನಿಂತ ವಾಲ್ವ್ ಯಂತ್ರದ ಸ್ಪೀಕರ್ ಗಾಳಿಯನ್ನು ತಳ್ಳುವಾಗ ಆಗುವ ಅನುಭವವನ್ನು ಹೆಡ್‌ಫೋನ್ ಕೊಡಲಾರದು. ಆದರೆ ಧ್ವನಿಮುದ್ರಣದಲ್ಲಿ ಅಥವಾ ಮೈದಾನದ ಕೊನೆಯಲ್ಲಿ ಕುಳಿತ ಶ್ರೋತೃವಿಗೆ ಎರಡರ ನಡುವಣ ಅಂತರ ಗುರುತಿಸುವುದು ಇಂದು ಅತಿ ಕಷ್ಟ. ದೂರದ ಹೋಬಳಿಯ ವಾದಕನೊಬ್ಬ ಕೈಚೀಲದಲ್ಲಿ ಪೆಟ್ಟಿಗೆ ಹಾಕಿಕೊಂಡು ಬಸ್ಸು ಹತ್ತಿ ಹೋಗಿ, ನೆರೆಮನೆಯವರ ನಿದ್ದೆ ಕೆಡಿಸದೆ ಅಭ್ಯಾಸ ಮಾಡಿದ ಅದೇ ನಾದವನ್ನು ವೇದಿಕೆಯ ಮೇಲೆ ಕೇಳಿಸಬಲ್ಲ. ಮೇಲೆ ಹೇಳಿದ ಹೊಂದಾಣಿಕೆಗಳಿಗೆ ಬೇಕಾದದ್ದು ಒಂದು ಸಂಜೆಯ ತಾಳ್ಮೆ ಮಾತ್ರ. ಹೊಸ ಯಂತ್ರಕ್ಕೆ ಹಣ ಹೊಂದಿಸುವ ಮುನ್ನ ಇರುವ ಯಂತ್ರದಲ್ಲೇ ಅವನ್ನು ಪ್ರಯೋಗಿಸಿ ನೋಡುವುದು ಒಳಿತು.